ಅಪ್ಪನ ಬಾಟಲಿಯಲ್ಲಿ ಸಿಕ್ಕ ಎಸಿ128 ಇನ್ನೂ ಕೆಲಸ ಮಾಡುತ್ತಾ?

ಹುಬ್ಬಳ್ಳಿ ಹುಡುಗ:
ಅಪ್ಪ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಹಾರ್ಲಿಕ್ಸ್ ಬಾಟಲಿಯಲ್ಲಿ ಎಸಿ128, ಎಸ್‌ಎಲ್100 ಟ್ರಾನ್ಸಿಸ್ಟರುಗಳು, ಒಂದಷ್ಟು ಓಎ79 ಡಯೋಡ್ ಸಿಕ್ಕಿವೆ. ಮಗಳು ಎಂಟನೇ ಕ್ಲಾಸು, ಇದರಲ್ಲೇ ರೇಡಿಯೋ ಮಾಡಬೇಕಂತೆ, ಹಠ. ಇಷ್ಟು ವರ್ಷ ಸುಮ್ನೆ ಬಿದ್ದಿದ್ದಕ್ಕೆ ಕೆಟ್ಟಿರುತ್ತವಾ? ಎಸಿ128 ಜಾಗಕ್ಕೆ ಸಿಲಿಕಾನ್ ಟ್ರಾನ್ಸಿಸ್ಟರ್ ಬಿಸಿ548 ಹಾಕಬಹುದಾ?

ಗ್ಯಾಂಗ್ ಕಂಡೆನ್ಸರ್:
ಬಳಸದೆ ಇಟ್ಟಿದ್ದಕ್ಕೇ ಕೆಟ್ಟಿರಬೇಕು ಅಂತೇನಿಲ್ಲ ಸರ್. ಮಲ್ಟಿಮೀಟರನ್ನು ಡಯೋಡ್ ರೇಂಜಿಗೆ ಹಾಕಿ, ಎಮಿಟರ್, ಬೇಸ್, ಕಲೆಕ್ಟರ್ ಅನ್ನೋ ಮೂರು ಕಾಲಲ್ಲಿ ಕಪ್ಪು ಪ್ರೋಬ್ ಬೇಸಿಗೆ, ಕೆಂಪು ಎಮಿಟರಿಗೆ ಇಡಿ, ಯಾಕಂದ್ರೆ ಇದು ಪಿಎನ್‌ಪಿ, ಬೇಸಿಗೆ ಮೈನಸ್ ಕೊಟ್ಟರೆ ನಡೆಯುವ ಜಾತಿ. 0.2 ವೋಲ್ಟ್ ಆಸುಪಾಸು ಬಂದರೆ ಗಾಬರಿ ಬೇಡ, ಎಸಿ128 ಒಳಗಿರೋದು ಜರ್ಮೇನಿಯಂ, ಅದು ತೋರಿಸೋದೇ ಅಷ್ಟು. ಸಿಲಿಕಾನ್ ಆದರೆ 0.6. ಇದರ ನಿಜವಾದ ಕಾಯಿಲೆ ಲೀಕೇಜು, ಅಂದ್ರೆ ಆಫ್ ಇರಬೇಕಾದಾಗಲೂ ಸೋರುವ ಕರೆಂಟು. ಬೇಸನ್ನು ಎಲ್ಲಿಗೂ ಸೇರಿಸದೆ, ಮೈಕ್ರೋಆಂಪ್ ಮೀಟರು, 10ಕೆ ರೆಸಿಸ್ಟರ್, ಬ್ಯಾಟರಿ ಸರಣಿಯಲ್ಲಿ ಕಟ್ಟಿ ಎಮಿಟರಿಗೆ ಪಾಸಿಟಿವ್, ಕಲೆಕ್ಟರಿಗೆ ನೆಗೆಟಿವ್ ಕೊಡಿ. ಟ್ರಾನ್ಸಿಸ್ಟರನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಮೈಬಿಸಿಗೇ ಮುಳ್ಳು ಮೇಲೇರುವುದು ಕಣ್ಣಿಗೆ ಕಾಣುತ್ತೆ. ಮಗಳಿಗೆ ಇದನ್ನು ತೋರಿಸಿ, ಪುಸ್ತಕದ ಪಾಠ ಆಮೇಲೆ ಇರಲಿ. ಬೆಸುಗೆ ಹಾಕುವಾಗ ಕಾಲನ್ನು ನೋಸ್ ಪ್ಲೈಯರಿನಿಂದ ಹಿಡಿದುಕೊಳ್ಳಿ, ಶಾಖ ಒಳಗೆ ಹೋಗಬಾರದು.

ಎಸ್‌ಪಿ ರೋಡ್ ಗಿರಾಕಿ:
ಬಿಸಿ548 ನೇರವಾಗಿ ಕೂರಲ್ಲ. ಅದು ಎನ್‌ಪಿಎನ್, ಅಂದ್ರೆ ಪ್ಲಸ್ ಮೈನಸ್ ಉಲ್ಟಾ, ಬ್ಯಾಟರಿ ತಿರುಗಿಸಬೇಕು, ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳನ್ನೂ ತಿರುಗಿಸಬೇಕು, ಬಯಾಸ್ (ಬೇಸಿಗೆ ಕೊಡುವ ಆರಂಭಿಕ ಕರೆಂಟು) ಬೇರೆ ಲೆಕ್ಕ ಹಾಕಬೇಕು. ಅಷ್ಟೆಲ್ಲ ಮಾಡಿದರೂ ಸ್ಪೀಕರ್ ಓಡಿಸುವ ಜಾಗದಲ್ಲಿ ನಿಲ್ಲೋದು ಕಷ್ಟ, ಬಿಸಿ548 ತಡೆಯೋದು 100 ಮಿಲಿಆಂಪ್, ಎಸಿ128 1 ಆಂಪ್. ಎಸ್‌ಎಲ್100 ಎನ್‌ಪಿಎನ್, ಡಬ್ಬಿ ಅಂಚಿನ ಚಿಕ್ಕ ಕಿವಿ ಪಕ್ಕದ ಕಾಲು ಎಮಿಟರ್. ನನ್ನ ಕೇಳಿದರೆ ಎಸಿ128 ಎತ್ತಿಡಿ, ಗಿಟಾರ್ ದನಿಯನ್ನು ಒರಟು ಮಾಡುವ ಫಜ್ ಪೆಡಲ್ ಮಾಡುವವರು ಈಗಲೂ ಜರ್ಮೇನಿಯಂ ಹುಡುಕಿಕೊಂಡು ಬರುತ್ತಾರೆ. ಕಲಿಯೋ ಮಗುವಿಗೆ ಸುಟ್ಟರೂ ಬೇಜಾರಾಗದ ಬಿಸಿ548 ಕೊಡಿ.

ಮೀಡಿಯಂ ವೇವ್:
ಎತ್ತಿಟ್ಟು ಏನು ಪೂಜೆ ಮಾಡೋದಾ? ಮಾಡಲಿ ಬಿಡಿ. ಆದರೆ ಮೊದಲು ಬ್ಯಾಟರಿಯೇ ಇಲ್ಲದ ಕ್ರಿಸ್ಟಲ್ ಸೆಟ್ ರೇಡಿಯೋ ಕಟ್ಟಿಸಿ. ಫೆರೈಟ್ ಕಡ್ಡಿಗೆ ಸುತ್ತಿದ ಕಾಯಿಲ್, ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗಿಸುವ ಕಂಡೆನ್ಸರ್), ಒಂದು ಓಎ79, ಅಷ್ಟೇ. ಓಎ79 ಸಣ್ಣ ವೋಲ್ಟೇಜಿಗೇ ಕರೆಂಟು ಬಿಡುತ್ತೆ, ಸಿಲಿಕಾನ್ ಡಯೋಡ್ 1ಎನ್4148 ಹಾಕಿದರೆ ದುರ್ಬಲ ಸಿಗ್ನಲ್ ನುಂಗಿಬಿಡುತ್ತೆ. ಮೊಬೈಲ್ ಇಯರ್‌ಫೋನ್ ನಡೆಯಲ್ಲ, ಕ್ರಿಸ್ಟಲ್ ಇಯರ್‌ಫೋನ್ ಬೇಕು. ಅರ್ಥಿಂಗಿಗೆ ಹಿಂದೆ ನಲ್ಲಿ ಪೈಪಿಗೆ ಕಟ್ಟುತ್ತಿದ್ದೆವು, ಈಗ ಎಲ್ಲ ಪಿವಿಸಿ ಅಲ್ವಾ, ಒದ್ದೆ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆಯಿರಿ. ನಿಮಗೆ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್. ಮೊದಲು ಬೇರೆ ರೇಡಿಯೋದಲ್ಲಿ ಚೆನ್ನಾಗಿ ಬರುತ್ತಾ ನೋಡಿಕೊಳ್ಳಿ. ಅದು ಕೇಳಿಸಿದ ಮೇಲೆ ಎಸಿ128 ಒಂದನ್ನು ಆಡಿಯೋಗೆ ಸೇರಿಸಬಹುದು.

ಬಾಟಲಿಯಲ್ಲಿ ಕಪ್ಪು ಬಣ್ಣ ಬಳಿದ ಗಾಜಿನ ಓಸಿ71 ಇದ್ದರೆ ಹೇಳಿ. ಬಣ್ಣ ಕೆರೆದರೆ ಬೆಳಕಿಗೆ ಸ್ಪಂದಿಸುತ್ತೆ, ನಮ್ಮ ಕಾಲದ ಫ್ರೀ ಫೋಟೋ ಟ್ರಾನ್ಸಿಸ್ಟರ್!

ಹುಬ್ಬಳ್ಳಿ ಹುಡುಗ:
ಓಸಿ71 ಇಲ್ಲ ಸರ್, ಹುಡುಕಿದೆ. ಗ್ಯಾಂಗ್ ಹೊಸದು ಸಿಗುತ್ತಾ, ಇಲ್ಲ ಹಳೆ ಸೆಟ್ ಬಿಚ್ಚಬೇಕಾ?

ಗ್ಯಾಂಗ್ ಕಂಡೆನ್ಸರ್:
ಗುಜರಿಯಲ್ಲಿ ಕೆಟ್ಟ ಪಾಕೆಟ್ ರೇಡಿಯೋ ತಗೊಳ್ಳಿ. ಗ್ಯಾಂಗ್, ಫೆರೈಟ್ ಕಾಯಿಲ್ ಎರಡೂ ಅದರಲ್ಲೇ ಬರುತ್ತೆ.