ಹಳೆ 9.9 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ಸಿಗಿಸೋ ಎಂಜಿನ್) ತಗೊಳ್ಳೋ ಮೊದಲು ಏನೇನು ನೋಡಬೇಕು? (ಗೋವಾ, ಜುವಾರಿ)

ಜುವಾರಿ_ಗಾಳ:
ಕೊರ್ಟಾಲಿಂ ಹತ್ತಿರ ಕಟ್ಟಿಟ್ಟಿರುವ 14 ಅಡಿ ಫೈಬರ್ ದೋಣಿಗೆ ಎಂಜಿನ್ ಬೇಕು. ಮೂರು ಜನ, ಗಾಳದ ಸಾಮಾನು, ಒಂದು ಐಸ್ ಪೆಟ್ಟಿಗೆ. ಓಡಾಟ ಜುವಾರಿ ಹೊಳೆ ಮತ್ತು ಕುಂಬಾರ್ಜುವಾ ಕಾಲುವೆಯಲ್ಲಿ ಮಾತ್ರ, ಸಮುದ್ರಕ್ಕಿಲ್ಲ. ಬೆತಿಂನಲ್ಲಿ ಒಬ್ಬರ ಹತ್ತಿರ ಯಮಾಹಾ 9.9 ಟೂ ಸ್ಟ್ರೋಕ್ ಇದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು, ಬಣ್ಣ ಹೊಸದು, ಬಿಲ್ ಇಲ್ಲ. ಭಾನುವಾರ ನೋಡಲು ಹೋಗುತ್ತಿದ್ದೇನೆ. ಒಂದು ಗಂಟೆಯೊಳಗೆ ಅಲ್ಲೇ ನಿಂತು ಏನೇನು ಪರೀಕ್ಷೆ ಮಾಡಬಹುದು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಅಳಿವೆಬದಿ:
ಹೊಸ ಬಣ್ಣ ಅಂದಿರಲ್ಲ, ಅಲ್ಲಿಂದಲೇ ಹುಷಾರಾಗಿ ಮಾರಾಯ್ರೆ. ಉಪ್ಪುನೀರಲ್ಲಿ ದುಡಿದ ಎಂಜಿನ್‌ನಲ್ಲಿ ಬಣ್ಣ ಗುಳ್ಳೆ ಎದ್ದು ಕೆಳಗಿನ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಅದನ್ನು ಉಜ್ಜಿ ಸ್ಪ್ರೇ ಹೊಡೆದರೆ ದೂರದಿಂದ ಗೊತ್ತಾಗದು. ಕ್ಲಾಂಪ್ ತಿರುಪುಗಳ ಬುಡ, ಟಿಲ್ಟ್ ಆಗುವ ಕೀಲು, ಗೇರ್ ಪೆಟ್ಟಿಗೆಯ ಜಿಂಕ್ ತುಂಡು, ಈ ಮೂರನ್ನು ನೋಡಿ. ಜಿಂಕ್ ತುಂಡಿಗೂ ಬಣ್ಣ ಬಳಿದಿದ್ದರೆ ಆ ಎಂಜಿನ್ ನೋಡಿಕೊಂಡವರಿಗೆ ಅದು ಯಾಕಿದೆ ಅಂತಲೇ ಗೊತ್ತಿಲ್ಲ. ಬಣ್ಣ ಬಿದ್ದ ಜಿಂಕ್ ಕೆಲಸ ಮಾಡುವುದಿಲ್ಲ, ಅದರ ಬದಲು ಗೇರ್ ಪೆಟ್ಟಿಗೆಯೇ ಸವೆಯುತ್ತದೆ.

ಶನಿವಾರವೇ ಫೋನ್ ಮಾಡಿ, ನಾನು ಬರುವವರೆಗೆ ಚಾಲೂ ಮಾಡಬೇಡಿ ಅಂತ ಹೇಳಿ. ಹೋದ ಕೂಡಲೇ ಮುಚ್ಚಳ ತೆಗೆದು ಸಿಲಿಂಡರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಅದು ಸತಾಯಿಸುತ್ತದೆಂಬ ಅನುಮಾನ ಇಟ್ಟುಕೊಳ್ಳಿ. ಪೂರ್ತಿ ಆರುವವರೆಗೆ ಕಾಯಿರಿ.

ಸ್ಟಾರ್ಟ್ ಮಾಡುವ ಮುಂಚೆ ಗೇರ್ ಆಯಿಲ್. ಎಂಜಿನ್ ನೆಟ್ಟಗೆ ನಿಂತಿರಲಿ, ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬಟ್ಟಲಿಗೆ ಬಿಡಿ. ನೀರು ಎಣ್ಣೆಗಿಂತ ಭಾರ, ಒಳಗಿದ್ದರೆ ಮೊದಲು ಅದೇ ಬರುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಬೆರಳ ನಡುವೆ ಉಜ್ಜಿದಾಗ ಚೂರುಗಳು ಸಿಕ್ಕರೆ ಗೇರ್ ಹಲ್ಲೇ ಸವೆದಿದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ. 14 ಎಂಎಂ ಥ್ರೆಡ್ಡಿನ ಗೇಜ್ ಒಯ್ಯಿರಿ, ಬೈಕಿನದೇ ಸಾಕು. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ವೈರ್‌ಗಳನ್ನು ಬ್ಲಾಕಿಗೆ ತಾಗಿಸಿಡಿ, ಇಲ್ಲದಿದ್ದರೆ ಸಿಡಿಐ (ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡುವ ಸಾಧ್ಯತೆ ಇದೆ. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ, ಐದಾರು ಸಲ ಬೇಕಾಗುತ್ತದೆ. 100 ಪಿಎಸ್‌ಐ ಆಸುಪಾಸು ಬಂದರೆ ಒಳ್ಳೆಯದು. ಆದರೆ ಅಂಕೆಗಿಂತ ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ. 10 ದಾಟಬಾರದು. ಎರಡೂ 95 ಇದ್ದರೆ ನಾನು ಒಪ್ಪುತ್ತೇನೆ. ಒಂದು 120, ಇನ್ನೊಂದು 95 ಇದ್ದರೆ ಒಪ್ಪುವುದಿಲ್ಲ. ಪ್ಲಗ್‌ಗಳನ್ನೂ ನೋಡಿ: ಒಂದು ಕಂದು ಬಣ್ಣಕ್ಕಿದ್ದು ಇನ್ನೊಂದು ತೊಳೆದಷ್ಟು ಬಿಳಿ ಅಥವಾ ತುಕ್ಕು ಹಿಡಿದಿದ್ದರೆ ಆ ಸಿಲಿಂಡರ್‌ಗೆ ನೀರು ನುಗ್ಗುತ್ತಿದೆ.

ಕಡೆಗೆ ಡ್ರಮ್‌ನಲ್ಲಿ ಚಾಲೂ ಮಾಡಿಸಿ. ಪ್ರೊಪೆಲ್ಲರ್ ಮೇಲಿನ ಅಗಲ ತಟ್ಟೆ ಮುಳುಗುವಷ್ಟು ನೀರಿರಲಿ. ಒಣಗಿದ್ದಾಗ ಅರ್ಧ ನಿಮಿಷವೂ ಬೇಡ, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತದೆ. ಬದಿಯ ತೂತಿನಿಂದ ನೀರು ಬಿಡದೆ ಚಿಮ್ಮಬೇಕು. ಬರದಿದ್ದರೆ ತೂತಿಗೆ ತೆಳು ತಂತಿ ಹಾಕಿ ನೋಡಿ, ಉಪ್ಪು ಕಟ್ಟಿರಬಹುದು. ಹತ್ತು ನಿಮಿಷ ಓಡಿದ ಮೇಲೆ ಸಿಲಿಂಡರ್ ಹೆಡ್ ಮೇಲೆ ಒಂದು ಹನಿ ನೀರು ಬಿಟ್ಟಾಗ ಚುಂಯ್ ಅಂದರೆ ಒಳಗಿನ ನೀರಿನ ದಾರಿಗಳು ಉಪ್ಪಿನಿಂದ ತುಂಬಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಇಂಪೆಲ್ಲರ್ ಬದಲಿಸಿದರೆ ಅದು ಸರಿಹೋಗುವುದಿಲ್ಲ, ಹೆಡ್ ಬಿಚ್ಚಬೇಕು. ಉಪ್ಪುನೀರಿನ ಎಂಜಿನ್‌ನಲ್ಲಿ ಆ ಬೋಲ್ಟ್‌ಗಳು ಬಿಚ್ಚುವ ಬದಲು ಮುರಿಯುವುದೇ ಹೆಚ್ಚು.

ಸ್ಪ್ಯಾನರ್_12:
ಅಳಿವೆಬದಿಯವ್ರು ಎಲ್ಲಾ ಬರೋಬ್ಬರಿ ಹೇಳ್ಯಾರ. ನಾ ಎರಡು ಮಾತು ಸೇರಸ್ತೀನ್ರಿ.

ಮದಲ ನಿಮ್ಮ ದೋಣಿ ಹಿಂದಿನ ಹಲಗಿ ಎತ್ತರ ಅಳೀರಿ. ಎಂಜಿನ್ ಕಾಲಿನ ಉದ್ದ ಶಾರ್ಟ್ ಶಾಫ್ಟ್ ಅಂದ್ರ 15 ಇಂಚಿನ ಹಲಗಿಗೆ, ಲಾಂಗ್ ಅಂದ್ರ 20ಕ್ಕ. ಆ ಅಗಲ ತಟ್ಟಿ ದೋಣಿ ತಳದ ಸಮಾ, ಇಲ್ಲಾ ಒಂದಿಂಚು ಕೆಳಗ ಬರಬೇಕು. 20 ಇಂಚಿನ ಹಲಗಿಗೆ 15ರ ಎಂಜಿನ್ ಹಾಕಿದ್ರ ಪ್ರೊಪೆಲ್ಲರ್ ಗಾಳಿ ಎಳಕೊಂಡು ಬರೇ ಒದರ್ತೈತಿ, ದೋಣಿ ಮುಂದ ಹೋಗಂಗಿಲ್ಲ. ಉಲ್ಟಾ ಆದ್ರ ಇಳಿತದಾಗ ಕೆಸರಿಗೆ ಬಡಿತೈತಿ.

ಯಮಾಹಾ 9.9 ಮತ್ತ 15 ಟೂ ಸ್ಟ್ರೋಕ್ ಎರಡೂ 246 ಸಿಸಿ, ತೂಕನೂ 36 ಕಿಲೋ. ಅದಕ್ಕ ಒಂದರ ಸ್ಟಿಕ್ಕರ್ ಇನ್ನೊಂದಕ್ಕ ಹಚ್ಚಿರಬಹುದು, ನಂಬಬ್ಯಾಡ್ರಿ, ಕ್ಲಾಂಪ್ ಮ್ಯಾಲಿನ ತಗಡಿನ ಮಾಡೆಲ್ ಓದ್ರಿ.

ಸೀಮೆಎಣ್ಣಿ ಎಂಜಿನ್ ಅಲ್ಲ ಅಂತನೂ ಖಾತ್ರಿ ಮಾಡ್ಕೋರಿ. ನಮ್ಮ ಕರಾವಳಿಯೊಳಗ ಪೆಟ್ರೋಲಿನಾಗ ಸ್ಟಾರ್ಟ್ ಮಾಡಿ ಸೀಮೆಎಣ್ಣಿ ಮ್ಯಾಲ ಓಡಸೂವು ಭಾಳ ಅದಾವ. ಅವಕ್ಕ ಕಂಪ್ರೆಶನ್ ಮದಲಿಂದನೂ ಕಡಿಮಿ, ಗೇಜಿನ ಅಂಕಿ ನೋಡಿ ಎಂಜಿನ್ ಕೆಟ್ಟೈತಿ ಅನಬ್ಯಾಡ್ರಿ. ಆದ್ರ ಕಾರ್ಬನ್ ಕಟ್ಟಿ ರಿಂಗ್ ಅಂಟಿರ್ತಾವ. ಇಂಧನದ ಪೈಪಿನಾಗ ಎರಡು ದಾರಿಯ ಕಾಕ್ ಇದ್ರ, ಇಲ್ಲಾ ಕಾಕ್ ತಗದ ಗುರುತಿದ್ರ, ನೇರ ಕೇಳ್ರಿ.

ಪ್ರೊಪೆಲ್ಲರ್ ನ್ಯೂಟ್ರಲ್‌ನಾಗ ಕೈಲೆ ತಿರುಗಿಸಿ ಶಾಫ್ಟಿನ ತುದಿ ನೋಡ್ರಿ. ತುದಿ ಅಲ್ಲಾಡಿದ್ರ ಶಾಫ್ಟ್ ಬಾಗೈತಿ.

ಜುವಾರಿ_ಗಾಳ:
ಇಬ್ಬರಿಗೂ ತುಂಬಾ ಧನ್ಯವಾದ. ಹಲಗೆ ಸರಿಯಾಗಿ 15 ಇಂಚು, ಎಂಜಿನ್ ಕೂಡ ಶಾರ್ಟ್ ಶಾಫ್ಟ್, ಪೆಟ್ರೋಲಿನದೇ. ಮೂರನೇ ಎಳೆತಕ್ಕೆ ತಣ್ಣಗಿದ್ದಾಗಲೇ ಸ್ಟಾರ್ಟ್ ಆಯಿತು, ನೀರು ಚೆನ್ನಾಗಿ ಚಿಮ್ಮುತ್ತದೆ. ಮೇಲಿನ ಸಿಲಿಂಡರ್ 108, ಕೆಳಗಿನದು 102. ಆದರೆ ಗೇರ್ ಆಯಿಲ್ ಚಹಾ ಬಣ್ಣ. ಚೂರುಗಳಿಲ್ಲ. "ಎಣ್ಣೆ ಬದಲಿಸಿದರೆ ಸಾಕು" ಅನ್ನುತ್ತಾರೆ ಮಾರುವವರು. ಬಿಡಬೇಕಾ?

ಅಳಿವೆಬದಿ:
ಬಿಡಬೇಡಿ, ಆದರೆ ಬೆಲೆ ಇಳಿಸಿ. ಎಣ್ಣೆ ಬದಲಿಸಿದರೆ ನೀರು ಬರುವುದು ನಿಲ್ಲುವುದಿಲ್ಲ. ಪ್ರೊಪೆಲ್ಲರ್ ಬಿಚ್ಚಿ ಹಿಂದೆ ನೋಡಿ, ನೈಲಾನ್ ದಾರ ಸುತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಅದು ಶಾಫ್ಟಿನ ಸೀಲನ್ನು ಕೊಯ್ಯುತ್ತದೆ. ಕೆಲವೊಮ್ಮೆ ಸ್ಕ್ರೂಗಳ ಕೆಳಗಿನ ವಾಷರ್ ಹಳತಾಗಿದ್ದರೂ ಸಾಕು, ನೀರು ಒಳಗೆ ಹೋಗುತ್ತದೆ. ಎಣ್ಣೆ ತೆಗೆದು, ಮೇಲಿನ ತೂತಿನಿಂದ ಕೈಪಂಪಲ್ಲಿ 10 ಪಿಎಸ್‌ಐ ಗಾಳಿ ಹಾಕಿ ನೀರಲ್ಲಿ ಮುಳುಗಿಸಿದರೆ ಗುಳ್ಳೆ ಎಲ್ಲಿಂದ ಏಳುತ್ತದೆಂದು ಕಾಣುತ್ತದೆ. ಸೀಲ್ ಹಾಕಿಸುವಾಗ ಶಾಫ್ಟಿನ ಮೇಲೆ ಉಗುರಿಗೆ ಸಿಕ್ಕುವಂಥ ಗೀರು ಇದೆಯೇ ನೋಡಲು ಹೇಳಿ. ಇದ್ದರೆ ಹೊಸ ಸೀಲ್ ಕೂಡ ಬಹಳ ದಿನ ನಿಲ್ಲುವುದಿಲ್ಲ. ಸೀಲ್‌ಗಳು, ಇಂಪೆಲ್ಲರ್, ಹೊಸ ಪ್ಲಗ್ (ಎನ್‌ಜಿಕೆ ಬಿ7ಎಚ್‌ಎಸ್-10, ಅಂತರ 1 ಎಂಎಂ), ಗೇರ್ ಆಯಿಲ್, ಮಜೂರಿ, ಇಷ್ಟರ ಖರ್ಚು ಮೊದಲೇ ಕೇಳಿಕೊಂಡು ಅವರು ಹೇಳುವ ಬೆಲೆಯಿಂದ ಕಳೆಯಿರಿ. ಗೇರ್ ಪೆಟ್ಟಿಗೆ ಹೇಗೂ ಕೆಳಗಿಳಿಯುತ್ತದೆ, ಇಂಪೆಲ್ಲರ್ ಆಗಲೇ ಹಾಕಿಸಿಬಿಡಿ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನಿಂದ ಹೊರಬರುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ.

ಮಾಂಡವಿ_ದಂಡೆ:
ಬಿಲ್ ಇಲ್ಲ ಅಂದಿದ್ದನ್ನು ಯಾರೂ ಹಿಡಿಯಲಿಲ್ಲ. ಸೀರಿಯಲ್ ನಂಬರ್ ಇರುವ ತಗಡು ಕಿತ್ತಿದ್ದರೆ, ಕೆರೆದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಬೇಡ. ನಂಬರ್ ಸರಿ ಇದ್ದರೆ ಅದನ್ನು ಬರೆದು, ಮಾರುವವರ ಸಹಿ, ಗುರುತಿನ ಚೀಟಿಯ ಪ್ರತಿ ಸೇರಿಸಿ ಮಾರಾಟ ಪತ್ರ ಮಾಡಿಸಿ. ಮೀನುಗಾರಿಕೆ ಇಲಾಖೆಯ ಸಬ್ಸಿಡಿಯಲ್ಲಿ ಕೊಂಡ ಎಂಜಿನ್ ಆಗಿದ್ದರೆ ಮಾರಲು ಷರತ್ತು ಇದೆಯೇ ಅಂತ ಇಲಾಖೆಯಲ್ಲೇ ವಿಚಾರಿಸಿ. ನಿಮ್ಮ ದೋಣಿಯ ನೋಂದಣಿ ಬಗ್ಗೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ ಕೇಳಿ, ಎಂಜಿನ್ ವಿವರ ಅಲ್ಲಿ ಬೇಕಾಗುತ್ತದೆ.

ಸ್ಪ್ಯಾನರ್_12:
ತಗೊಂಡ್ರ ಒಯ್ಯೂವಾಗ ಗೇರ್ ಪೆಟ್ಟಿಗಿ ಕಡೆ ತುದಿ ಎತ್ತರ ಮಾಡಬ್ಯಾಡ್ರಿ, ಒಳಗ ಉಳಿದ ನೀರು ಸಿಲಿಂಡರ್‌ಗೆ ಇಳಿತೈತಿ. ಪೆಟ್ರೋಲಿಗೆ ಬೆರಸೂ ಆಯಿಲ್ 50ಕ್ಕ 1: 24 ಲೀಟರ್ ಟ್ಯಾಂಕಿಗೆ 480 ಎಂಎಲ್, ಡಬ್ಬಿ ಮ್ಯಾಲ ಟಿಸಿ-ಡಬ್ಲ್ಯೂ3 (ದೋಣಿ ಎಂಜಿನ್ ಆಯಿಲಿನ ಗುರುತು) ಅಂತ ಇರಬೇಕು. ಬೈಕಿನ 2ಟಿ (ಟೂ ಸ್ಟ್ರೋಕ್) ಆಯಿಲ್ ಬ್ಯಾಡ. ಪೆಟ್ರೋಲಿನಾಗ ಈಗ ಶೇ. 20 ಎಥನಾಲ್ ಐತಿ, ಅದು ನೀರು ಹೀರಕೊಂತೈತಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಸೂದಿದ್ರ ಸಿಹಿನೀರಿನ ಡ್ರಮ್‌ನಾಗ ಹತ್ತು ನಿಮಿಷ ಓಡಿಸಿ, ಆಮ್ಯಾಲ ಇಂಧನದ ಪೈಪ್ ಬಿಚ್ಚಿ, ಕಾರ್ಬುರೇಟರ್ ಖಾಲಿಯಾಗಿ ತಾನಾ ಬಂದ್ ಆಗೂತನಕ ಬಿಡ್ರಿ. ಹಳೇ ರಬ್ಬರ್ ಪೈಪ್, ಪ್ರೈಮರ್ ಬಲ್ಬ್ (ಪೈಪಿನಾಗಿನ ಪೆಟ್ರೋಲ್ ಎತ್ತೂ ರಬ್ಬರ್ ಉಂಡಿ) ಹಿಚುಕಿದ್ರ ಅಂಟಂಟು ಅನಸಿದ್ರ ಅವನ್ನೂ ಇದ ಸಲ ಬದಲಸ್ರಿ.