ಬಾವಿಯ ತಿಳಿನೀರು ಕ್ಲೋರಿನ್ ಹಾಕಿದ ಕೂಡಲೇ ಕಷಾಯದ ಬಣ್ಣಕ್ಕೆ ತಿರುಗುವುದೇಕೆ?

ಘಟ್ಟದಕೆಳಗಿನವ (ಕುಮಟಾ):

ಕುಮಟಾ–ಶಿರಸಿ ರಸ್ತೆಯ ಪಕ್ಕ, ದೇವಿಮನೆ ಘಟ್ಟದ ಬುಡದಲ್ಲಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಅಲ್ಲಿನ ಈಜುಕೊಳ 30 ಅಡಿ ಉದ್ದ, 15 ಅಡಿ ಅಗಲ, ಸರಾಸರಿ 4 ಅಡಿ ಆಳದ್ದು; ಸುಮಾರು 51,000 ಲೀಟರ್ ನೀರು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕೊಳವನ್ನು ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳೆದು, ಚಿರೆಕಲ್ಲಿನ ಬಾವಿಯಿಂದ ನಾಲ್ಕು ದಿನ ಪಂಪ್ ಓಡಿಸಿ ತುಂಬಿಸಿದೆವು. ತುಂಬಿದಾಗ ತಳದ ಟೈಲ್ಸಿನ ಸಂದುಗಳನ್ನು ಎಣಿಸಬಹುದಾದಷ್ಟು ತಿಳಿಯಾಗಿತ್ತು. ಅಂದು ಸಂಜೆ ಶೇ. 65ರ ಕಾಳು ಕ್ಲೋರಿನ್ (ಕ್ಯಾಲ್ಸಿಯಂ ಹೈಪೋಕ್ಲೋರೈಟ್) 1 ಕೆಜಿ ಹಾಕಿದೆ. ಬೆಳಿಗ್ಗೆ ನೋಡಿದರೆ ಕೊಳವಿಡೀ ಕಷಾಯದ ಬಣ್ಣ.

ಪಾಚಿಯಿರಬೇಕೆಂದು ಭಾವಿಸಿ ಮುಂದಿನ ಮೂರು ದಿನವೂ ದಿನಕ್ಕೊಂದು ಕೆಜಿಯಂತೆ ಹಾಕಿದೆ. ಬಣ್ಣ ಇಳಿಯಲಿಲ್ಲ, ಇನ್ನಷ್ಟು ಏರಿತು. ಕ್ಲೋರಿನ್ ಇದ್ದರೆ ಗುಲಾಬಿಯಾಗುವ, ಪರೀಕ್ಷೆಯ ಡಿಪಿಡಿ ಹನಿ ಹಾಕಿದರೆ ಕೊಳವೆಯ ನೀರು ಕ್ಷಣಮಾತ್ರ ಗುಲಾಬಿಯಾಗಿ ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಕ್ಲೋರಿನ್ ನಿಲ್ಲುತ್ತಿಲ್ಲವೆಂದು ತಿಳಿದೇ ನಾನು ಮತ್ತೆ ಮತ್ತೆ ಹಾಕಿದ್ದು. ಔಷಧ ಮಾರುವವರು ನೀರು ಚೆಲ್ಲಿ ಹೊಸದಾಗಿ ತುಂಬಿಸಿ ಎನ್ನುತ್ತಾರೆ. ಮುಂದಿನ ವಾರಕ್ಕೆ ಅತಿಥಿಗಳು ಬರುವವರಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಚಿರೆಬಾವಿ (ಹೊನ್ನಾವರ):

ದಯವಿಟ್ಟು ನೀರು ಚೆಲ್ಲಬೇಡಿ. ಅದೇ ಬಾವಿಯಿಂದ ತುಂಬಿಸಿದರೆ ಅದೇ ಕಷಾಯ ಮತ್ತೆ ಸಿಗುತ್ತದೆ. ಇದು ಪಾಚಿಯಲ್ಲ, ಕಬ್ಬಿಣ. ನಮ್ಮ ಕಡೆಯ ಚಿರೆಕಲ್ಲಿನ ಬಾವಿಗಳಲ್ಲಿ ಕಬ್ಬಿಣವು ಕರಗಿದ ಸ್ಥಿತಿಯಲ್ಲಿರುವುದರಿಂದ ನೀರಿಗೆ ಬಣ್ಣವೇ ಇರುವುದಿಲ್ಲ. ಕ್ಲೋರಿನ್ ಸೋಕಿದೊಡನೆ ಅದು ತುಕ್ಕಾಗಿ ಹೊರಬೀಳುತ್ತದೆ. ಕೊಡದಲ್ಲಿ ನಾಲ್ಕು ದಿನ ಇಟ್ಟ ನೀರಿನ ತಳಕ್ಕೆ ಕೂರುವ ಕೆಂಪು ಗಸಿಯೂ ಇದೇ. ಅಲ್ಲಿ ಗಾಳಿ ನಿಧಾನವಾಗಿ ಮಾಡುವ ಕೆಲಸವನ್ನು ಇಲ್ಲಿ ಕ್ಲೋರಿನ್ ಒಂದೇ ರಾತ್ರಿಯಲ್ಲಿ ಮಾಡಿದೆ. ಅನುಮಾನವಿದ್ದರೆ ಬಿಳಿ ಬಾಲ್ದಿಯೊಂದರಲ್ಲಿ ಬಾವಿಯ ನೀರು ಹಿಡಿದು, ಚಿಟಿಕೆ ಕಾಳು ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ.

ಇನ್ನು ನಿಮ್ಮ ಡಿಪಿಡಿ ಹನಿ ಹೇಳಿದ್ದು ಕ್ಲೋರಿನ್ ಇಲ್ಲವೆಂದಲ್ಲ, ವಿಪರೀತ ಇದೆಯೆಂದು. ಕ್ಲೋರಿನ್ ಹೆಚ್ಚಾದರೆ ಆ ಬಣ್ಣವನ್ನೇ ತಿಂದುಹಾಕುತ್ತದೆ. ಲೆಕ್ಕ ನೋಡಿ: 4 ಕೆಜಿ ಕಾಳಿನಲ್ಲಿ 2.6 ಕೆಜಿ ಕ್ಲೋರಿನ್. 51,000 ಲೀಟರಿಗೆ ಹಂಚಿದರೆ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಆಯಿತು. ಈಜಲು ಬೇಕಾದದ್ದು 1ರಿಂದ 3. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಬಾಟಲಿ ನೀರು ಸೇರಿಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಈ ಕ್ಲೋರಿನ್ ಇಳಿಸಲು ಬಿಸಿಲು ಸಾಕು, ಹೊದಿಕೆ ತೆಗೆದಿಡಿ.

ಆಮೇಲೆ ಪಟಿಕದ ಕೆಲಸ. ಪಟಿಕವು ನೀರಿನ ಕ್ಷಾರತೆಯನ್ನು (ಆಮ್ಲ ಸೇರಿದರೂ ನೀರು ಹುಳಿಯಾಗದಂತೆ ತಡೆಯುವ ಗುಣವನ್ನು) ತಿನ್ನುತ್ತದೆ, ನಮ್ಮ ಬಾವಿನೀರಿನಲ್ಲಿ ಅದು ಮೊದಲೇ ಕಡಿಮೆ. ಆದ್ದರಿಂದ ಮೊದಲು 5 ಕೆಜಿ ಅಡುಗೆ ಸೋಡಾ ಹಾಕಿದರೆ ಕ್ಷಾರತೆ ಸುಮಾರು 60 ಪಿಪಿಎಂ ಏರುತ್ತದೆ. 80ರಿಂದ 120ರ ನಡುವೆ ನಿಲ್ಲಿಸಿ. ಬಳಿಕ 1.5 ಕೆಜಿ ಪಟಿಕವನ್ನು ಬಾಲ್ದಿಯಲ್ಲಿ ಕರಗಿಸಿ ಕೊಳದ ಸುತ್ತ ಚೆಲ್ಲಿ, ನೀರನ್ನು ಫಿಲ್ಟರಿಗೆ ಬಿಡದೆ ಒಂದೆರಡು ಗಂಟೆ ತಿರುಗಿಸಿ, ರಾತ್ರಿ ಪಂಪ್ ನಿಲ್ಲಿಸಿಬಿಡಿ. ಬೆಳಿಗ್ಗೆ ತಳದ ಗಸಿಯನ್ನು ವ್ಯಾಕ್ಯೂಮಿನಿಂದ ನೇರವಾಗಿ ಹೊರಗೆ ಹಾಕಿ.

ಉಪ್ಪುಗಾಳಿ (ಕಾರವಾರ):

ಮೇಲಿನವರ ನಿದಾನ ಸರಿಯಿದೆ, ಆದರೆ ಪಟಿಕವಿಲ್ಲದೆಯೂ ಆಗುತ್ತದೆ ಎಂಬುದು ಹೋಟೆಲಿನ ಕೊಳ ನೋಡಿಕೊಳ್ಳುವ ನನ್ನ ಅನುಭವ. ಮರಳಿನ ಫಿಲ್ಟರನ್ನು ಹಗಲು ರಾತ್ರಿ ಓಡಿಸಿ, ಒತ್ತಡದ ಮುಳ್ಳು ಅರ್ಧ ‘ಬಾರ್’ ಅಳತೆಯಷ್ಟು ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿದರೆ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆದರೆ) ನಾಲ್ಕೈದು ದಿನಕ್ಕೆ ತಿಳಿಯಾಗುತ್ತದೆ. ನಿಮಗೆ ಅವಸರವಿರುವುದರಿಂದ ಪಟಿಕವೇ ಆಗಲಿ.

ಕ್ಲೋರಿನ್ ಇಳಿಯುವ ತನಕ ಪಿಎಚ್ (ನೀರು ಎಷ್ಟು ಹುಳಿ ಎಂಬುದರ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ನೋಡುವ ಹನಿಯನ್ನೂ ನಂಬಬೇಡಿ. ಅದು ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ. ನಂತರ ಪಿಎಚ್ 7.2ರಿಂದ 7.6ರೊಳಗೆ ತನ್ನಿ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ಕ್ರಿಮಿ ಕೊಲ್ಲುವ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗೆಂದು ಪಿಎಚ್ ಇಳಿಸಲು ಟಿಸಿಸಿಎ ಬಿಲ್ಲೆಗಳನ್ನೇ (ನಿಧಾನವಾಗಿ ಕರಗುವ ಇನ್ನೊಂದು ಬಗೆಯ ಕ್ಲೋರಿನ್) ನೆಚ್ಚಿಕೊಳ್ಳಬೇಡಿ. ಅವು ಆಮ್ಲೀಯವಾದ್ದರಿಂದ ನಮ್ಮ ಮೃದು ನೀರಿನ ಪಿಎಚ್ ಅನ್ನು ಸರ್ರನೆ ಕೆಳಗಿಳಿಸಿ ಟೈಲ್ಸಿನ ಸಂದಿನ ಸಿಮೆಂಟ್ ಕೊರೆಯುತ್ತವೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಾಳು ಕ್ಲೋರಿನ್ನಿಗೂ ಬಿಲ್ಲೆಗೂ ಒಂದೇ ಮಗ್ಗು ಬಳಸಬಾರದು. ನಾನು ಹಿಂದೆ ಕೆಲಸಕ್ಕಿದ್ದ ಕಡೆ ಹುಡುಗನೊಬ್ಬ ಹಾಗೆ ಮಾಡಿದಾಗ ಮಗ್ಗಿನಿಂದ ಬುಸ್ಸೆಂದು ಹೊಗೆಯೆದ್ದಿತ್ತು. ಅವನು ಅದನ್ನು ಅಂಗಳಕ್ಕೆ ಎಸೆದು ಓಡಿದ್ದರಿಂದ ಬಚಾವಾದ. ಆಮ್ಲವನ್ನಂತೂ ಕ್ಲೋರಿನ್ನಿನ ಹತ್ತಿರವೂ ಇಡಬಾರದು, ವಿಷಾನಿಲ ಏಳುತ್ತದೆ. ಯಾವಾಗಲೂ ನೀರಿಗೆ ಔಷಧ ಹಾಕಬೇಕೇ ಹೊರತು ಔಷಧಕ್ಕೆ ನೀರು ಹೊಯ್ಯಬಾರದು.

ತೋಟಪಟ್ಟಿ (ಶಿರಸಿ):

ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಮನೆಯಲ್ಲಿ ಉಳಿದಿದೆ. ಪಾಚಿಗೂ ಒಳ್ಳೆಯದೆನ್ನುತ್ತಾರಲ್ಲ, ಮುಂದೆಂದಾದರೂ ಪಾಚಿಯೇ ಬಂದರೆ ಹಾಕಬಹುದೇ?

ಚಿರೆಬಾವಿ (ಹೊನ್ನಾವರ):

ಬೇಡ. ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ, ಆದರೆ ಅಳತೆ ತಪ್ಪಿದರೆ ಗೋಡೆಗೆ ಕಲೆ ಹಿಡಿಯುತ್ತದೆ, ಬೆಳ್ಳಗಿನ ಕೂದಲು ಹಸಿರಾಗುತ್ತದೆ. ಮೈಲುತುತ್ತು, ಸುಣ್ಣ ಬೆರೆಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ಕತ್ತಿ ಅದ್ದಿ ನೋಡುತ್ತೇವಲ್ಲ (ಸಾಲದಿದ್ದರೆ ಕತ್ತಿಗೆ ತಾಮ್ರ ಅಂಟುತ್ತದೆ), ಕೊಳಕ್ಕೆ ಅಂಥ ಕತ್ತಿಯೂ ಇಲ್ಲ.

ಘಟ್ಟದಕೆಳಗಿನವ (ಕುಮಟಾ):

ಎಲ್ಲರಿಗೂ ಧನ್ಯವಾದಗಳು. ಬಾಲ್ದಿಯ ನೀರು ಅರ್ಧ ಗಂಟೆಯೊಳಗೆ ಕಂದಾಯಿತು. ಹತ್ತು ಪಾಲು ಮಾಡಿ ನೋಡಿದ ಕ್ಲೋರಿನ್ 30 ಇತ್ತು. ಎರಡು ದಿನದ ಬಿಸಿಲಿಗೆ 4ಕ್ಕೆ ಇಳಿಯಿತು. ಕ್ಷಾರತೆ ಬರೀ 20 ಇದ್ದದ್ದು ಸೋಡಾ ಹಾಕಿದ ಮೇಲೆ 80ಕ್ಕೆ ಬಂತು. ಪಟಿಕ ಹಾಕಿದ ಮರುದಿನ ಬೆಳಿಗ್ಗೆ ತಳದಲ್ಲಿ ಚಿರೆಕಲ್ಲು ಕೊಯ್ಯುವಾಗ ಬೀಳುವ ಹುಡಿಯಂಥ ಕೆಂಪು ಪದರ ಕೂತಿತ್ತು, ಮೇಲಿನ ನೀರು ತಿಳಿಯಾಗಿತ್ತು. ಗಸಿ ಹೊರಹಾಕುವಾಗ ಎರಡು ಇಂಚು ನೀರು ಹೋಯಿತು. ಅದನ್ನು ತುಂಬಿಸುವಾಗ ಬಾವಿಯ ನೀರನ್ನು ಮೊದಲು ಟ್ಯಾಂಕಿಯಲ್ಲಿ ಕ್ಲೋರಿನ್ ಹಾಕಿ ಒಂದು ದಿನ ಕೂರಿಸಿ, ಮೇಲಿನ ತಿಳಿಯನ್ನಷ್ಟೇ ಬಿಟ್ಟೆ. ಮೆಟ್ಟಿಲುಗಳ ಮೇಲೆ ಮಾತ್ರ ಹಳದಿ ಕಲೆ ಉಳಿದಿದೆ, ಬ್ರಷ್ಷಿಗೆ ಹೋಗುತ್ತಿಲ್ಲ.

ಉಪ್ಪುಗಾಳಿ (ಕಾರವಾರ):

ಔಷಧದ ಅಂಗಡಿಯಿಂದ ವಿಟಮಿನ್ ಸಿ ಮಾತ್ರೆ ತಂದು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಬ್ಬಿಣದ ಕಲೆಯಾದರೆ ಅಷ್ಟು ಜಾಗ ಬೆಳ್ಳಗಾಗುತ್ತದೆ. ಕ್ಲೋರಿನ್ ಹೆಚ್ಚಿರುವಾಗ ಈ ಕೆಲಸ ಫಲಿಸುವುದಿಲ್ಲ, 1ಕ್ಕೆ ಇಳಿದ ಮೇಲೆ ಮಾಡಿ.