ಅಪ್‌ಡೇಟ್: ಆನ್ ಮಾಡಿದ ಕೂಡ್ಲೆ ಆಫ್ ಆಗ್ತಿದ್ದ ಕಂಪ್ಯೂಟರ್ ಸರಿ ಆಯ್ತು ಮಾರಾಯ್ರೆ

ಮೊನ್ನೆ ಕೇಳಿದ್ದೆ ಅಲ್ವಾ, ಡೆಸ್ಕ್‌ಟಾಪ್ ಆನ್ ಮಾಡಿದ್ರೆ ಫ್ಯಾನ್ ತಿರುಗಿ 4-5 ಸೆಕೆಂಡಲ್ಲಿ ಟಪ್ ಅಂತ ಆಫ್ ಆಗ್ತದೆ ಅಂತ, ನೀವೆಲ್ಲ ಹೇಳಿದ ಹಾಗೆ ರ‍್ಯಾಮ್ ತೆಗ್ದು ರಬ್ಬರಲ್ಲಿ ಉಜ್ಜಿ ಹಾಕಿದೆ, ಪ್ರೊಸೆಸರ್ ಮೇಲಿನ, ಬಿಸಿ ಎಳೆಯುವ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸ್ದು ಹಚ್ಚಿದೆ, ಬದಿಯಡ್ಕದ ಭಾವನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಕೂಡ ತಂದು ಹಾಕಿ ನೋಡಿದೆ, ಊಹೂಂ. ಪೇಟೆಯ ಅಂಗಡಿಯವ ಬಿಚ್ಚಿ ಕೂಡ ನೋಡದೆ ಮದರ್‌ಬೋರ್ಡ್ ಹೋಗಿದೆ ಅಂದುಬಿಟ್ಟ.

ಕಡೆಗೆ ನಿಮ್ಮಲ್ಲೇ ಒಬ್ರು ಪವರ್ ಸ್ವಿಚ್ಚಿನ ವೈರ್ ಕಿತ್ತು ನೋಡಿ ಅಂದಿದ್ರಲ್ಲ, ಅದೇ ಸರಿ. ಬೋರ್ಡಲ್ಲಿ ಆ ವೈರ್ ಇದ್ದ ಎರಡು ಪಿನ್ನಿಗೆ ಬಟನ್ ಒತ್ತಿದ ಹಾಗೆ ಸ್ಕ್ರೂಡ್ರೈವರ್ ತುದಿ ಒಮ್ಮೆ ತಾಗಿಸಿ ಬಿಟ್ಟೆ, ಸೀದಾ ವಿಂಡೋಸ್ ಬಂತು, ಒಂದು ಗಂಟೆ ಆದ್ರೂ ಆಫ್ ಇಲ್ಲ! ಕ್ಯಾಬಿನೆಟ್ಟಿನ ಬಟನ್ ಬಿಚ್ಚಿದ್ರೆ ನಮ್ಮ ಮಳೆಗಾಲದ ತಂಡಿಗೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು, ಒತ್ತಿದ್ದು ಮೇಲೆ ಬರ್ತಾನೇ ಇರ್ಲಿಲ್ಲ. ಬಟನ್ 4 ಸೆಕೆಂಡ್ ಒತ್ತಿ ಹಿಡಿದ್ರೆ ಬೋರ್ಡೇ ಆಫ್ ಮಾಡ್ತದೆ ಅಲ್ವಾ, ಪಾಪ ಅದು ಅದ್ರ ಕೆಲ್ಸ ಮಾಡ್ತಾ ಇತ್ತು.

ಈಗ ರಿಸೆಟ್ ಬಟನ್ನಿನ ವೈರನ್ನೇ ಪವರ್ ಪಿನ್ನಿಗೆ ಸಿಕ್ಕಿಸಿದ್ದೇನೆ. ಖರ್ಚು ಪೇಸ್ಟಿಂದು ಮಾತ್ರ. ಭಾವನ ಎಸ್‌ಎಂಪಿಎಸ್ ವಾಪಸ್ ಕೊಡ್ಲಿಕ್ಕೆ ಉಂಟು.